ಹಿರಿಯರ ಡೇ ಕೇರ್ ಬಿಲ್: ತಿಂಗಳ ಗಂಟೆ ತಾಳೆಯಾಗದಿದ್ದಾಗ

ಡೇ ಕೇರ್ ಬಿಲ್ ಯೂನಿಟ್ ಲೆಕ್ಕದಲ್ಲಿ: ದಿನಕ್ಕೆ ಪೂರ್ತಿಯಾದ ಪ್ರತಿ 15 ನಿಮಿಷಕ್ಕೆ ಒಂದು ಯೂನಿಟ್. ಹಾಜರಿ ಪುಸ್ತಕದಲ್ಲಿ ತಿಂಗಳಿಗೆ 112:30 ಗಂಟೆ, ಎಕ್ಸೆಲ್‌ನಲ್ಲಿ ಕೂಡಿದರೆ 16:30 (24 ಗಂಟೆ ತುಂಬಿದಾಗಲೆಲ್ಲ ಅದು ಮತ್ತೆ ಸೊನ್ನೆಯಿಂದ ತೋರಿಸುತ್ತದೆ).

ಫಾರ್ಮ್ಯಾಟ್‌ನಲ್ಲಿ ಗಂಟೆಯನ್ನು ಚೌಕ ಆವರಣದೊಳಗೆ ಹಾಕಿದಾಗ ([h]:mm) ಮೊತ್ತ ಸರಿಯಾಗಿ ಕಂಡಿತು, ಆದರೆ ದರದಿಂದ ಗುಣಿಸಿದ ಹಣ ತಪ್ಪೇ ಬಂತು. ಸೆಲ್‌ನಲ್ಲಿ ನಿಜವಾಗಿ ಇರುವ ಸಂಖ್ಯೆ ಗಂಟೆಯದಲ್ಲ, ದಿನದ ಲೆಕ್ಕದ್ದು (24 ಗಂಟೆ ಅಂದರೆ 1). ತಿಂಗಳ ಒಟ್ಟನ್ನು 96ರಿಂದ (ದಿನಕ್ಕೆ 96 ಕಾಲುಗಂಟೆ) ಗುಣಿಸಿದರೆ ಯೂನಿಟ್ ಹೆಚ್ಚಾದವು: ದಿನದಿನದ ಉಳಿಕೆ ನಿಮಿಷಗಳು ಒಟ್ಟುಗೂಡಿ, ಪೂರ್ತಿಯಾಗದ ಕಾಲುಗಂಟೆಗೂ ಮನೆಯವರಿಂದ ಹಣ ಪಡೆದಂತಾಗುತ್ತದೆ. ಅದು ಸಲ್ಲದು.

ಸರಿಹೋದ ಕ್ರಮ: ಆಯಾ ದಿನದ ಸಾಲಿನಲ್ಲೇ ಹೊರಟ ಸಮಯದಿಂದ ಬಂದ ಸಮಯ ಕಳೆದು 96ರಿಂದ ಗುಣಿಸಿ. ಮೊದಲು 4 ದಶಮಾಂಶಕ್ಕೆ ರೌಂಡ್ (ROUND, ಹತ್ತಿರದ ಸಂಖ್ಯೆಗೆ), ಆಮೇಲೆ ಸೊನ್ನೆ ದಶಮಾಂಶಕ್ಕೆ ರೌಂಡ್‌ಡೌನ್ (ROUNDDOWN, ಕೆಳಕ್ಕೆ). ಮೊದಲಿನದನ್ನು ಬಿಟ್ಟರೆ 24 ಆಗಬೇಕಾದದ್ದು ಒಳಗೊಳಗೆ 23.99999… ಆಗಿದ್ದು 23ಕ್ಕೆ ಇಳಿಯಬಹುದು. ಯೂನಿಟ್ ಬರುವ ಸೆಲ್‌ನ ಫಾರ್ಮ್ಯಾಟ್ ‘ನಂಬರ್’ ಇರಲಿ. 9:10ರಿಂದ 15:30 ಅಂದರೆ 25 ಯೂನಿಟ್. ತಿಂಗಳ ಕೊನೆಗೆ ಯೂನಿಟ್‌ಗಳನ್ನಷ್ಟೇ ಕೂಡಿ ದರ ಹಾಕಿ.