ಕುಡಿಯುವ ನೀರು ಕಲುಷಿತವಾದಾಗ ಜನರಿಗೆ ತಿಳಿಸುವ ಬಗೆ

ಪ್ರಯೋಗಾಲಯದ ಅಂತಿಮ ವರದಿಗೆ ಕಾಯುತ್ತ ಕೂರಬೇಡಿ. ತಡವಾದಷ್ಟೂ ಗಾಳಿಸುದ್ದಿ ಹಬ್ಬುತ್ತದೆ. ಗೊತ್ತಿರುವುದೇನು, ಗೊತ್ತಿಲ್ಲದ್ದೇನು, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಎಂಬ ಮೂರನ್ನೂ ಮೊದಲ ಪ್ರಕಟಣೆಯಲ್ಲೇ ಬರೆಯಿರಿ. ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಮಾತನಾಡಲೇಬೇಕು.

‘ಮುನ್ನೆಚ್ಚರಿಕೆ ವಹಿಸಿ’ ಎಂದರೆ ಯಾರಿಗೂ ಏನೂ ತಿಳಿಯದು. ‘ನೀರು ಕೊತಕೊತ ಕುದಿಯತೊಡಗಿದ ಮೇಲೆ ಪೂರ್ತಿ 1 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಹಲ್ಲುಜ್ಜಲೂ ಅದನ್ನೇ ಬಳಸಿ’ ಎನ್ನಿ. ಸುಮಾರು 2,000 ಮೀಟರಿಗಿಂತ ಎತ್ತರದ ಊರುಗಳಿಗೆ 3 ನಿಮಿಷ ಎಂದು ಹೇಳಿ, ಅಲ್ಲಿ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ರಾಸಾಯನಿಕ ಬೆರೆತಿದ್ದರೆ ಮಾತ್ರ ಈ ಸಲಹೆಯೇ ಅಪಾಯ. ಕುದಿಸಿದರೆ ಸೀಸ, ನೈಟ್ರೇಟ್ ಹೋಗುವುದಿಲ್ಲ. ಆಗ ಬೇರೆ ನೀರನ್ನೇ ಒದಗಿಸಬೇಕು.

ವದಂತಿಯನ್ನು ತಲೆಬರಹದಲ್ಲಿ ಮತ್ತೆ ಹೇಳಬೇಡಿ. ಸಲಹೆ ಬದಲಾದರೆ ಹಳೆಯದನ್ನು ಸದ್ದಿಲ್ಲದೆ ಅಳಿಸದೆ, ಏನು ಬದಲಾಯಿತು, ಏಕೆ ಎಂದು ದಿನಾಂಕ ಸಮೇತ ತಿಳಿಸಿ.