ಓಟಿಪಿ ಬೇರೆಯವ್ರ ಕೈಗೆ ಹೋಗದ ಹಾಗೆ ಫೋನ್ ಸೆಟ್ ಮಾಡ್ಕೊಳ್ಳೋದು ಹೇಗೆ

ಫೋನ್ ಸೇಫಾಗಿರ್ಬೇಕು ಅಂದ್ರೆ ಯಾವ ಆಂಟಿವೈರಸ್ ಹಾಕ್ಲಿ ಅಂತ ತುಂಬಾ ಜನ ಕೇಳ್ತಾರೆ. ನನ್ನ ಪ್ರಕಾರ ಅದೆಲ್ಲ ಆಮೇಲಿನ ಮಾತು, ಬ್ಯಾಂಕು, ಯುಪಿಐ, ಆಧಾರ್, ವಾಟ್ಸಾಪ್ ಎಲ್ಲಾನೂ ನಿಮ್ಮ ನಂಬರಿಗೆ ಬರೋ ಓಟಿಪಿ ಮೇಲೇ ನಿಂತಿರೋದು, ಹಾಗಾಗಿ ಆ ಓಟಿಪಿ ಯಾರ ಕಣ್ಣಿಗೆಲ್ಲ ಬೀಳ್ಬಹುದು ಅಂತ ಮೊದ್ಲು ನೋಡಿ.

ಸಿಮ್ಮಿಂದ ಶುರು ಮಾಡಿ. ಫೋನಿಗೆ ಪ್ಯಾಟರ್ನ್, ಫಿಂಗರ್‌ಪ್ರಿಂಟ್ ಎಲ್ಲ ಹಾಕಿರ್ತೀವಿ, ಆದ್ರೆ ಕದ್ದವ್ನು ಸಿಮ್ ತೆಗ್ದು ಬೇರೆ ಫೋನಿಗೆ ಹಾಕ್ಕೊಂಡ್ರೆ ಮೆಸೇಜೆಲ್ಲ ಅಲ್ಲಿಗೇ ಹೋಗುತ್ತೆ. ಸೆಟ್ಟಿಂಗ್ಸಲ್ಲಿ ಸಿಮ್ ಲಾಕ್ ಅಂತ ಹುಡುಕಿ (ಐಫೋನಲ್ಲಿ ಸಿಮ್ ಪಿನ್), ಆನ್ ಮಾಡಿ. ಮೊದ್ಲಿಗೆ ಸಿಮ್ ಕಂಪನಿ ಕೊಟ್ಟಿರೋ ಪಿನ್ ಕೇಳುತ್ತೆ, ಅದನ್ನ ಕಸ್ಟಮರ್ ಕೇರಲ್ಲಿ ಕೇಳ್ಕೊಳ್ಳಿ, ಅಂದಾಜಲ್ಲಿ ಒತ್ತೋಕೆ ಹೋಗ್ಬೇಡಿ. 3 ಸಲ ತಪ್ಪಾದ್ರೆ ಪಿಯುಕೆ (ಲಾಕಾದ ಸಿಮ್ ತೆಗೆಯೋ ಕೋಡ್) ಕೇಳುತ್ತೆ, ಅದೂ 10 ಸಲ ತಪ್ಪಾದ್ರೆ ಸಿಮ್ಮೇ ಹೋಯ್ತು. ಆಮೇಲೆ ನಿಮ್ದೇ ಪಿನ್ ಇಟ್ಕೊಳ್ಳಿ. ಹಾಗೇ ಲಾಕ್ ಸ್ಕ್ರೀನಲ್ಲಿ ಮೆಸೇಜ್ ಕಾಣೋದನ್ನೂ ಆಫ್ ಮಾಡ್ಬಿಡಿ.

ಈಗ ಎಪಿಕೆ ವಿಷ್ಯ, ಅಂದ್ರೆ ಆಂಡ್ರಾಯ್ಡ್ ಫೋನಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್, ನಮ್ಮ ಜನ ಇಂಥದ್ರಲ್ಲೂ ತುಂಬಾ ದುಡ್ಡು ಕಳ್ಕೊಳ್ತಿದಾರೆ. ವಾಟ್ಸಾಪಲ್ಲಿ "ಮದುವೆ ಆಮಂತ್ರಣ" ಅಂತಾನೋ ಆರ್‌ಟಿಒ ಚಲನ್ ಅಂತಾನೋ ಒಂದು ಫೈಲ್ ಬರುತ್ತೆ, ಎಷ್ಟೋ ಸಲ ಗೊತ್ತಿರೋರ ನಂಬರಿಂದಾನೇ, ಯಾಕಂದ್ರೆ ಅವ್ರ ವಾಟ್ಸಾಪ್ ಆಗ್ಲೇ ಕಳ್ಳರ ಕೈ ಸೇರಿರುತ್ತೆ. ಫೈಲ್ ಹೆಸ್ರಿನ ಕೊನೇಲಿ ಎಪಿಕೆ (.apk) ಅಂತಿದ್ಯಾ ನೋಡಿ. ನಿಜವಾದ ಲಗ್ನಪತ್ರಿಕೆ ಫೋಟೋ, ಪಿಡಿಎಫ್ ಇಲ್ಲಾ ವಿಡಿಯೋ ಆಗಿರುತ್ತೆ, ಅದನ್ನ ಇನ್‌ಸ್ಟಾಲ್ ಮಾಡೋ ಮಾತೇ ಇಲ್ಲ. ಈ ಎಪಿಕೆ ಇನ್‌ಸ್ಟಾಲ್ ಆದ್ಮೇಲೆ ಎಸ್‌ಎಂಎಸ್ ಪರ್ಮಿಷನ್ ಕೇಳುತ್ತೆ, ನೀವು ಅಲೋ ಒತ್ತಿದ್ರೋ ಓಟಿಪಿ ಎಲ್ಲ ಸದ್ದಿಲ್ದೆ ಅವ್ರಿಗೆ ಹೋಗ್ತಿರುತ್ತೆ, ಕೆಲವದ್ರ ಐಕಾನೂ ಮಾಯ ಆಗುತ್ತೆ. ಅದಕ್ಕೇ ಸೆಟ್ಟಿಂಗ್ಸಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ತೆಗೆದು ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಆಫ್ ಮಾಡಿ. ಆಮೇಲೆ ಪರ್ಮಿಷನ್ ಮ್ಯಾನೇಜರಲ್ಲಿ ಎಸ್‌ಎಂಎಸ್ ಲಿಸ್ಟ್ ನೋಡಿ, ಟಾರ್ಚ್ ಆ್ಯಪಿಗೆ ನಿಮ್ಮ ಮೆಸೇಜ್ ಯಾಕೆ ಬೇಕು ಹೇಳಿ, ತೆಗೆದುಹಾಕಿ.

ಈಗಾಗ್ಲೇ ಇನ್‌ಸ್ಟಾಲ್ ಆಗೋಗಿದ್ರೆ ಮೊದ್ಲು ಏರೋಪ್ಲೇನ್ ಮೋಡ್ ಹಾಕಿ, ವೈಫೈನೂ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಕರೆ ಮಾಡಿ ಅಕೌಂಟ್ ಬ್ಲಾಕ್ ಮಾಡ್ಸಿ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಲೇಟಾದಷ್ಟೂ ದುಡ್ಡು ಅಕೌಂಟಿಂದ ಅಕೌಂಟಿಗೆ ಹಾರ್ತಾ ಹೋಗುತ್ತೆ, ನಾಚ್ಕೊಂಡು ಮನೇಲಿ ಮುಚ್ಚಿಡ್ಬೇಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಆಗ್ಲಿಲ್ಲ ಅಂದ್ರೆ ಸೆಟ್ಟಿಂಗ್ಸಲ್ಲಿರೋ ಡಿವೈಸ್ ಅಡ್ಮಿನ್ ಲಿಸ್ಟಲ್ಲಿ ಅದನ್ನ ಆಫ್ ಮಾಡಿ ತೆಗೀರಿ, ಆಮೇಲೆ ಫೋಟೋಗಳನ್ನ ಬೇರೆ ಕಡೆ ಕಾಪಿ ಮಾಡ್ಕೊಂಡು ಫ್ಯಾಕ್ಟರಿ ರೀಸೆಟ್ ಮಾಡೋದೇ ಒಳ್ಳೇದು.

ಕೊರಿಯರ್‌ನವ್ರು ಅಂತ ಹೇಳ್ಕೊಂಡು ಯಾರಾದ್ರೂ ಸ್ಟಾರ್ ಹ್ಯಾಶ್ ಇರೋ ನಂಬರ್ ಡಯಲ್ ಮಾಡಿ ಅಂದ್ರೆ ಮಾಡ್ಲೇಬೇಡಿ, ಅದು ನಿಮ್ಮ ಕಾಲ್‌ಗಳನ್ನ ಅವ್ರಿಗೆ ಫಾರ್ವರ್ಡ್ ಮಾಡೋ ಕೋಡ್ ಆಗಿರ್ಬಹುದು, ಕಾಲಲ್ಲಿ ಬರೋ ಓಟಿಪಿ ಅವ್ರಿಗೇ ಕೇಳ್ಸುತ್ತೆ. ಅನುಮಾನ ಇದ್ರೆ ##002# ಒತ್ತಿ, ಫಾರ್ವರ್ಡಿಂಗ್ ಎಲ್ಲ ರದ್ದಾಗುತ್ತೆ. ವಾಟ್ಸಾಪಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 6 ಅಂಕಿ ಪಿನ್ ಇಟ್ರೆ ಓಟಿಪಿ ಸಿಕ್ಕಿದ್ರೂ ಅಕೌಂಟ್ ಅಷ್ಟು ಸುಲಭಕ್ಕೆ ಅವ್ರ ಕೈಗೆ ಹೋಗಲ್ಲ. ಅಪ್ಪ ಅಮ್ಮನ ಫೋನಲ್ಲಿ ಇದಿಷ್ಟನ್ನೂ ನೀವೇ ಕೂತು ಮಾಡ್ಕೊಡಿ, ಫೋನಲ್ಲಿ ವಿವರಿಸಿದ್ರೆ ಆಗೋ ಕೆಲ್ಸ ಅಲ್ಲ.

ಇನ್ನು *#06# ಒತ್ತಿ ಬರೋ ಐಎಂಇಐ (ಫೋನಿನ ಗುರುತಿನ) ನಂಬರನ್ನ ಇವತ್ತೇ ಒಂದು ಪೇಪರಲ್ಲಿ ಬರ್ದಿಡಿ. ಫೋನ್ ಕಳೆದ್ರೆ ಮೊದ್ಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕು, ಆಮೇಲೆ ಪೊಲೀಸ್ ದೂರು. ದೂರಿನ ಕಾಪಿ ಇಟ್ಕೊಳ್ಳಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಸಿಇಐಆರ್ ಅಂತ ಇರುತ್ತೆ, ಅಲ್ಲಿ ಐಎಂಇಐ ಕೊಟ್ಟು ಫೋನನ್ನೇ ಬ್ಲಾಕ್ ಮಾಡಿಸ್ಬಹುದು, ಅದಕ್ಕೆ ಬೇಕಾಗೋ ಓಟಿಪಿ ಬರೋಕೆ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಳ್ಳಿ, ಹೊಸ ಸಿಮ್ಮಿಗೆ 24 ಗಂಟೆ ಎಸ್‌ಎಂಎಸ್ ಬರಲ್ಲ, ಗಾಬರಿ ಆಗ್ಬೇಡಿ. ಕೊನೇಲಿ ಕೊಡೋ ರಿಕ್ವೆಸ್ಟ್ ಐಡಿನ ಜೋಪಾನವಾಗಿ ಇಟ್ಕೊಳ್ಳಿ, ಫೋನ್ ವಾಪಸ್ ಸಿಕ್ಕಿದ್ರೆ ಅನ್‌ಬ್ಲಾಕ್ ಮಾಡ್ಸೋಕೆ ಅದೇ ಬೇಕು.