ಬ್ರೇಕು ಮೊದಲು, ಬಣ್ಣ ಕೊನೆಗೆ: ಹಳೇ ವಿಲ್ಲಿಸ್ ಪಿಕಪ್ಪನ್ನು ಮನೆಯಲ್ಲೇ ಸರಿಮಾಡುವ ಬಗೆ

ಹಳೇ ಗಾಡಿ ತಂದವರು ನನ್ನ ಹತ್ತಿರ ಮೊದಲು ಕೇಳುವುದು ಯಾವ ಬಣ್ಣ ಹೊಡೆಸಲಿ ಅಂತ. ನಾನು ಅವರಿಗೆ ತಿರುಗಿ ಕೇಳುವುದು ಆರ್‌ಸಿ ಇದೆಯಾ, ಬ್ರೇಕು ಹಿಡಿಯುತ್ತದಾ ಅಂತ. ಬಣ್ಣದಿಂದ ಶುರು ಮಾಡಿದ ಗಾಡಿಗಳು ಎರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ಟಾರ್ಪಾಲಿನ ಕೆಳಗೆ ಸೇರಿದ್ದನ್ನು ಸಕಲೇಶಪುರದ ಸುತ್ತ ಬೇಕಾದಷ್ಟು ನೋಡಿದ್ದೇನೆ.

ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಫಿಟ್ಟಿಂಗ್ ಕಲಿಸಿ ನಿವೃತ್ತನಾದವನು ನಾನು. ಈಗ ನಮ್ಮ ತೋಟದ ಶೆಡ್ಡಿನಲ್ಲಿ ನಿಂತಿರುವುದು ವಿಲ್ಲಿಸ್ ಜೀಪಿನ ಪಿಕಪ್, ಫೋರ್ ವೀಲ್ ಡ್ರೈವ್. ಅಮೆರಿಕದ ಟೊಲೆಡೊ ಊರಿನ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿ 1947ರಿಂದ ಈ ಪಿಕಪ್ ತಯಾರಿಸಿತು, 1965ರವರೆಗೂ ಬಂತು. ಆಕಾರ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಸಾಮಾನ್ಯ ಜೀಪಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 80 ಇಂಚಾದರೆ ಇದರದು 118. ನಿಮ್ಮ ಗಾಡಿಯ ವಯಸ್ಸು ಮೂತಿ ನೋಡಿದರೇ ಸುಮಾರು ಗೊತ್ತಾಗುತ್ತದೆ. 1950ರಿಂದ ಮುಂದಿನ ಜಾಲರಿ ನಡುವೆ ಚೂಪಾಗಿ 'ವಿ' ಆಕಾರಕ್ಕೆ ಬಂತು. ಮುಂಗಾಜು ಎರಡು ಹೋಳಾಗಿದ್ದರೆ 1960ಕ್ಕಿಂತ ಹಿಂದಿನದು. ಕಾಗದದಲ್ಲಿರುವ ವರ್ಷಕ್ಕೂ ಮೂತಿಗೂ ತಾಳೆಯಾಗದಿದ್ದರೆ ದುಡ್ಡು ಕೊಡುವ ಮುಂಚೆಯೇ ಕಾರಣ ಕೇಳಿ.

ಕಾಗದದ ಮಾತು ಇಲ್ಲೇ ಮುಗಿಸುತ್ತೇನೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ವಿಂಟೇಜ್ ವಾಹನಗಳ ಭಾಗ ಸೇರಿತು. 50 ವರ್ಷ ದಾಟಿದ, ಸ್ವಂತ ಬಳಕೆಯ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರವಿರುವ ನಂಬರು ಸಿಗುತ್ತದೆ. ಆ ನಿಯಮದ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಮರುನೋಂದಣಿಗೆ 5,000. ಈ ನಂಬರಿನ ಗಾಡಿಯಲ್ಲಿ ದಿನಾ ಪೇಟೆಗೆ ಹೋಗುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೇ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿದ್ದರೆ ವಿಂಟೇಜ್ ಅಂತ ಪರಿಗಣಿಸುವುದಿಲ್ಲ. ಡೀಸೆಲ್ ಎಂಜಿನ್ ಕೂರಿಸಿ ಮೈಲೇಜ್ ಹೆಚ್ಚಿಸೋಣ ಅನ್ನುವವರು ಇದನ್ನು ಎರಡು ಸಲ ಓದಬೇಕು. 'ಎಂವೈ' ಇಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು ಇನ್ನೂ ದಾಖಲೆಯಲ್ಲಿ ಜೀವಂತ ಇದ್ದರೆ ಅದನ್ನು ಕಾಪಾಡಿಕೊಳ್ಳಿ. ಎಂಜಿನ್ ನಂಬರು ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪಿನ ಹತ್ತಿರ ಇರುತ್ತದೆ. ಅದನ್ನೂ ಚಾಸಿ ನಂಬರನ್ನೂ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಟ್ಟುಕೊಂಡ ಮೇಲೆಯೇ ಅಲ್ಲಿ ಬ್ರಷ್ ಆಡಿಸಿ. ಗ್ರೈಂಡರ್ ಮಾತ್ರ ಆ ಜಾಗದ ಹತ್ತಿರ ಸುಳಿಯಕೂಡದು.

ನಮ್ಮಲ್ಲಿ ಈ ಪಿಕಪ್ ಸರಿಮಾಡಲು ಧೈರ್ಯ ಬರುವುದು ಒಂದೇ ಕಾರಣಕ್ಕೆ. ಇದರ ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್, ಮೂರು ಗೇರಿನ ಟಿ-90 ಡಬ್ಬ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸು ಎಲ್ಲವೂ ಮಹೀಂದ್ರದ ಹಳೇ ಪೆಟ್ರೋಲ್ ಜೀಪಿನ ಬಳಗದವು. ಗ್ಯಾಸ್ಕೆಟ್ಟು, ಬೇರಿಂಗು, ಸೀಲು, ಪಿಸ್ಟನ್ ಸೆಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಹೋಗುವಾಗ ಹಳೇ ಸಾಮಾನು ಕೈಯಲ್ಲಿರಲಿ. ಹೆಸರು ಹೇಳಿ ಕೇಳುವುದಕ್ಕಿಂತ ಕೌಂಟರಿನ ಮೇಲೆ ಇಟ್ಟು ತೋರಿಸುವುದು ಮೇಲು. ಸಿಗದೇ ಇರುವುದು ತಗಡು. ಬಾಗಿಲು, ಫೆಂಡರ್, ಹಿಂದಿನ ತೊಟ್ಟಿ ಇವು ಪಿಕಪ್ಪಿಗೇ ಮೀಸಲು. ಹಾಗಾಗಿ ಕೊಳ್ಳುವಾಗ ಜಾಮ್ ಆದ ಎಂಜಿನ್ನಿಗೆ ಹೆದರಬೇಡಿ, ಕಾಣೆಯಾದ ಬಾಗಿಲಿಗೆ ಹೆದರಿ.

ಬಿಚ್ಚುವ ಮುಂಚೆ ಇಂಚಿನ ಸ್ಪ್ಯಾನರ್ ಸೆಟ್ ತನ್ನಿ: 7/16, 1/2, 9/16, 5/8, 3/4. 13 ಮಿಲಿಮೀಟರ್ ಸ್ಪ್ಯಾನರು ಅರ್ಧ ಇಂಚಿನ ಬೋಲ್ಟಿಗೆ ಸಡಿಲವಾಗಿ ಕೂರುತ್ತದೆ, ಬಲ ಹಾಕಿದರೆ ಮೂಲೆ ಸವೆದು ಬೋಲ್ಟು ಗುಂಡಾಗುತ್ತದೆ. ತುಕ್ಕು ಹಿಡಿದ ನಟ್ಟಿಗೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರಿನ ಎಣ್ಣೆ ಸಮಸಮ ಬೆರೆಸಿ ಬಿಟ್ಟು ರಾತ್ರಿಯಿಡೀ ನೆನೆಸಿ. ಆ ದ್ರಾವಣ ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿಯಿಂದ ದೂರ ಇರಲಿ. ಇನ್ನೊಂದು ಮಾತು ಗೊತ್ತಿಲ್ಲದೆ ಎಷ್ಟೋ ಮಂದಿ ವೀಲ್ ಸ್ಟಡ್ (ಚಕ್ರದ ನಟ್ಟು ಕೂರುವ ಬೋಲ್ಟು) ಮುರಿದುಕೊಂಡಿದ್ದಾರೆ: ಹಳೇ ವಿಲ್ಲಿಸ್ ಗಾಡಿಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ. ಸ್ಟಡ್ಡಿನ ತುದಿಯಲ್ಲಿ 'ಎಲ್' ಅಂತ ಕೆತ್ತಿರುತ್ತದೆ. ಅದು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ತುದಿ ಒರೆಸಿ ಅಕ್ಷರ ನೋಡಿಕೊಂಡೇ ಸ್ಪ್ಯಾನರ್ ಹಾಕಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಜಾಗವಾರು ಬೇರೆ ಬೇರೆ ಚೀಲಕ್ಕೆ ಹಾಕಿ ರಟ್ಟಿನ ಚೀಟಿ ಕಟ್ಟಿ. ಇಡೀ ಗಾಡಿಯನ್ನು ಒಟ್ಟಿಗೇ ಬಿಚ್ಚಬೇಡಿ. ಒಂದು ಭಾಗ ಬಿಚ್ಚಿ, ಸರಿಮಾಡಿ, ಜೋಡಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಅರ್ಧಕ್ಕೇ ನಿಂತುಹೋದ ಪಿಕಪ್ಪುಗಳು ಗುಜರಿ ಸೇರುವುದು ಚೀಲಗಳಲ್ಲೇ.

ಈಗ ಬ್ರೇಕು. ನನ್ನ ಮನಸ್ಸಿನಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಕೆಲಸ, ಎಂಜಿನ್ನಿಗಿಂತಲೂ. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಅಷ್ಟಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಸರ್ಕ್ಯೂಟು. ಎಲ್ಲಿಯೋ ಒಂದು ಹೋಸು ಒಡೆದರೆ ಪೆಡಲು ನೆಲಕ್ಕೆ ಇಳಿಯುತ್ತದೆ, ನಾಲ್ಕು ಚಕ್ರವೂ ಕೈಬಿಡುತ್ತವೆ. ಶಿರಾಡಿ ಘಾಟಿ ಪಕ್ಕದಲ್ಲಿಟ್ಟುಕೊಂಡು ಬದುಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ರಬ್ಬರ್ ಹೋಸುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಬದಲಿಸಿ. ಉಕ್ಕಿನ ಪೈಪುಗಳನ್ನು ಕ್ಲಿಪ್ಪಿನಿಂದ ಬಿಡಿಸಿ ನೋಡಿ, ತುಕ್ಕು ಕೂರುವುದು ಕ್ಲಿಪ್ಪಿನ ಅಡಿಯಲ್ಲೇ. ವೀಲ್ ಸಿಲಿಂಡರಿನ ಒಳಗೆ ಬೆರಳಾಡಿಸಿ. ಗುಳಿ ಸಿಕ್ಕರೆ ಹೊಸ ಸಿಲಿಂಡರ್ ಹಾಕಿ ಅಥವಾ ಲೇತಿನವರ ಹತ್ತಿರ ಸ್ಲೀವ್ ಮಾಡಿಸಿ. ಗುಳಿಬಿದ್ದ ಸಿಲಿಂಡರಿಗೆ ಹೊಸ ರಬ್ಬರು ಹಾಕಿದರೆ ಸ್ವಲ್ಪ ದಿನದಲ್ಲೇ ಮತ್ತೆ ಸೋರುತ್ತದೆ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಕಂಪ್ರೆಸರಿನಿಂದ ಊದಲೇಬೇಡಿ. ಆ ಕಾಲದ ಬ್ರೇಕ್ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ಕೊನೆಗೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿಕೊಂಡೇ ಕೂರಲಿ, ನೀವು ಟಾರ್ಚ್ ಹಿಡಿದು ಕೆಳಗೆ ಪ್ರತಿ ಜೋಡಣೆಯನ್ನೂ ನೋಡಿ. ಒಂದು ಹನಿ ಕಂಡರೂ ಮುಂದಿನ ಕೆಲಸಕ್ಕೆ ಹೋಗಬೇಡಿ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ ಅಂತ ನನ್ನ ಹುಡುಗರಿಗೆ ಮೂವತ್ತು ವರ್ಷ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಸ್ಟ್ಯಾಂಡ್ ಹಾಕಿ, ಚಕ್ರಕ್ಕೆ ದಿಮ್ಮಿ ಕೊಡಿ.

ಎಂಜಿನ್ ಜಾಮ್ ಆಗಿದ್ದರೆ ಅವಸರ ಬೇಡ. ಸ್ಪಾರ್ಕ್ ಪ್ಲಗ್ ತೆಗೆದು ನಾಲ್ಕೂ ಸಿಲಿಂಡರಿಗೆ ಮೇಲೆ ಹೇಳಿದ ದ್ರಾವಣ ಸ್ವಲ್ಪ ಸ್ವಲ್ಪ ಹಾಕಿ ಒಂದು ವಾರ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ಆಚೆ ಈಚೆ ಅಲುಗಾಡಿಸಿ. ಗಾಡಿ ಎಳೆದು ಗೇರಿಗೆ ಹಾಕಿ ಬಿಡಿಸಲು ಹೋದರೆ ಪಿಸ್ಟನ್ ರಿಂಗು ಮುರಿಯುತ್ತದೆ. ಹರಿಕೇನ್ ಎಂಜಿನ್ನಿನ ವಿಶೇಷವೆಂದರೆ ಒಳಗೆ ಎಳೆಯುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಬ್ಲಾಕಿನ ಪಕ್ಕದಲ್ಲಿ. ಮೇಲಿನ ಕವರ್ ತೆಗೆದರೆ ನಾಲ್ಕು ವಾಲ್ವು ಮಾತ್ರ ಕಾಣುತ್ತವೆ. ಉಳಿದ ನಾಲ್ಕನ್ನು ನೋಡಲು ಬ್ಲಾಕಿನ ಬದಿಯ ತಗಡು ಬಿಚ್ಚಬೇಕು, ತುಂಬಾ ದಿನ ನಿಂತ ಗಾಡಿಯಲ್ಲಿ ಅಂಟಿಕೊಳ್ಳುವುದು ಅವೇ.

ಅಳತೆಗಳನ್ನು ಶೆಡ್ಡಿನ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ, ನೀವೂ ಬರೆದಿಟ್ಟುಕೊಳ್ಳಿ. ಬೋರು (ಸಿಲಿಂಡರಿನ ಅಗಲ) 3.125 ಇಂಚು, ಸ್ಟ್ರೋಕು (ಪಿಸ್ಟನ್ ಓಡುವ ದೂರ) 4.375, ಒಟ್ಟು 134 ಘನ ಇಂಚು, ಅಂದರೆ 2.2 ಲೀಟರ್. ಫೈರಿಂಗ್ ಆರ್ಡರ್ 1-3-4-2. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ 0.020 ಇಂಚು, ಪ್ಲಗ್ಗಿನದು 0.030. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ ವಾಲ್ವಿಗೆ 0.018, ಎಕ್ಸಾಸ್ಟಿಗೆ 0.016. ಟೈಮಿಂಗು, ಅಂದರೆ ಕಿಡಿ ಹಾರುವ ಹೊತ್ತು, ಪಿಸ್ಟನ್ ತುದಿ ಮುಟ್ಟುವ ಟಾಪ್ ಸೆಂಟರಿಗೆ 5 ಡಿಗ್ರಿ ಮುಂಚೆ. ಕಂಪ್ರೆಶನ್ ನೋಡುವಾಗ ಒಂದೊಂದು ಸಿಲಿಂಡರಿನ ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಅದು 10 ಪಿಎಸ್‌ಐ (ಒತ್ತಡದ ಅಳತೆ) ಒಳಗಿದ್ದು, ಎಣ್ಣೆ ಸುಡದಿದ್ದರೆ ಸಿಲಿಂಡರ್ ಕೊರೆಸುವ ಬೋರಿಂಗಿಗೆ ಕಳಿಸಲೇಬೇಡಿ. ಚೆನ್ನಾಗಿರುವ ಎಂಜಿನ್ನನ್ನು ಹೊಸದು ಮಾಡುತ್ತೇನೆಂದು ಕೊರೆಸುವುದರಿಂದ ಅದರ ಆಯುಷ್ಯ ಕಮ್ಮಿಯಾಗುತ್ತದೆ, ಬೋರನ್ನು ಎಷ್ಟು ಸಲ ಬೇಕಾದರೂ ಹಿಗ್ಗಿಸಲು ಬರುವುದಿಲ್ಲ.

ಗೇರ್ ಡಬ್ಬಕ್ಕೆ ಜಿಎಲ್-4 ದರ್ಜೆಯ ಎಣ್ಣೆ ಕೇಳಿ ತನ್ನಿ. ಅಂಗಡಿಯವರು ಹೊಸ ಗಾಡಿಯ ಜಿಎಲ್-5 ಕೊಟ್ಟು ಇದೇ ಮೇಲು ಅನ್ನುತ್ತಾರೆ. ಅದರಲ್ಲಿರುವ ಗಂಧಕದ ಅಂಶ ಕೆಲವು ಎಣ್ಣೆಗಳಲ್ಲಿ ಗೇರು ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೋ ರಿಂಗನ್ನು ತಿನ್ನುತ್ತದೆ.

ಪೆಟ್ರೋಲಿನ ವಿಷಯ ನಮ್ಮ ಕಾಲದ ಹೊಸ ತಲೆನೋವು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಇ20. ಹಳೇ ರಬ್ಬರು, ಪಂಪಿನ ಡಯಾಫ್ರಮ್ಮು, ಕಾರ್ಬುರೇಟರಿನ ವಾಷರುಗಳು ಇದಕ್ಕೆ ಮಾಡಿದವಲ್ಲ, ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಬರ. ಎಥನಾಲ್ ತಡೆಯುವ ಹೋಸು, ಡಯಾಫ್ರಮ್ ಹಾಕಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡೂ ಬರಿದು ಮಾಡಿ. ತೂತುಬಿದ್ದ ಟ್ಯಾಂಕನ್ನು ಮನೆಯಲ್ಲಿ ವೆಲ್ಡ್ ಮಾಡಲು ಕೈಹಾಕಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ವೈರಿಂಗು ಬಟ್ಟೆ ಸುತ್ತಿದ ಹಳೇ ತಂತಿಯಾಗಿದ್ದರೆ ಇಲಿ ಹೇಗೂ ಬಿಟ್ಟಿರುವುದಿಲ್ಲ. ಪೂರ್ತಿ ಹೊಸದು ಎಳೆಯಿರಿ, ಫ್ಯೂಸ್ ಹಾಕಿ. 6 ವೋಲ್ಟಿನ ಗಾಡಿಯಾದರೆ ಬ್ಯಾಟರಿ ಕೇಬಲ್ ದಪ್ಪವಿರಬೇಕು. ಸ್ಟಾರ್ಟರ್ ನಿಧಾನ ತಿರುಗುತ್ತದೆ ಅಂತ 12ಕ್ಕೆ ಬದಲಿಸುವ ಮೊದಲು ಅರ್ತಿಂಗ್ ಜಾಗದ ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿಯಿರಿ. ಬಹುಪಾಲು ದೂರು ಅಲ್ಲಿಗೇ ಮುಗಿಯುತ್ತದೆ.

ತಗಡಿನ ಕೆಲಸಕ್ಕೆ ನಮ್ಮ ಕಡೆ ಹವೆಯೇ ಮೇಸ್ತ್ರಿ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಎಂಜಿನ್, ಗೇರು ಬಿಚ್ಚಿಕೊಂಡಿರಿ. ನವೆಂಬರಿನಿಂದ ಕಣದಲ್ಲಿ ಕಾಫಿ ಹರಡಿರುತ್ತದೆ, ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಬಣ್ಣಕ್ಕೆ ಉಳಿಯುವುದು ಬಿಸಿಲಿನ ಆ ಕೆಲವು ವಾರಗಳೇ. ಕೆರೆದ ತಗಡನ್ನು ಇಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೆಂಪು ಪುಡಿ ಕೂತಿರುತ್ತದೆ. ಅಂದು ಕೆರೆದಷ್ಟಕ್ಕೆ ಅಂದೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಅಗ್ಗ, ಆದರೆ ಅದು ನೀರನ್ನು ಒಳಗೆ ಬಿಡುತ್ತದೆ. ಅದನ್ನಷ್ಟೇ ಬಳಿದು ಮಳೆಗಾಲಕ್ಕೆ ಬಿಟ್ಟ ತಗಡು ಬಣ್ಣದ ಅಡಿಯಲ್ಲೇ ಕೊಳೆಯುತ್ತದೆ.

ಸಣ್ಣ ಭಾಗಗಳ ತುಕ್ಕು ತೆಗೆಯಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನಾಲ್ಕೈದು ಚಮಚ ವಾಷಿಂಗ್ ಸೋಡಾ, ಒಂದು ಹಳೇ ಬ್ಯಾಟರಿ ಚಾರ್ಜರ್ ಸಾಕು. ಸಾಮಾನಿಗೆ ನೆಗೆಟಿವ್, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲೇ ಮಾಡಿ.

ಕ್ಯಾಬಿನ್ನಿನ ನೆಲ ತೂತಾಗಿದ್ದರೆ 18 ಗೇಜ್ ತಗಡು ಕತ್ತರಿಸಿ ಗಟ್ಟಿ ಲೋಹದವರೆಗೂ ಹಳೆಯದನ್ನು ತೆಗೆದು ಬೆಸೆಯಿರಿ. ಮೇಲೆ ತೇಪೆ ಹಾಕಿದರೆ ನಡುವೆ ನೀರು ನಿಲ್ಲುತ್ತದೆ. ನೀರು ಇಳಿಯುವ ತೂತುಗಳನ್ನು ಪುಟ್ಟಿಯಿಂದ ಮುಚ್ಚಬೇಡಿ. ನಮ್ಮ ಪಿಕಪ್ಪಿನ ತೊಟ್ಟಿಗೆ ಹಿಂದಿನ ಮಾಲೀಕರು ಹೊನ್ನೆಯ ಹಲಗೆ ಹಾಸಿದ್ದರು. ಟೊಲೆಡೊದಿಂದ ಬಂದದ್ದಲ್ಲ, ತೆಗೆದುಬಿಡಿ ಅಂದವರಿದ್ದಾರೆ. ಕಾಫಿ ಮೂಟೆ ಎಳೆದೆಳೆದು ಅದು ನುಣುಪಾಗಿದೆ, ನಾನು ತೆಗೆಯಲಿಲ್ಲ. ಮರ ತಗಡಿಗೆ ನೇರ ತಾಗಿ ತೇವ ಹಿಡಿಯದಂತೆ ಅಡಿಯಲ್ಲಿ ರಬ್ಬರ್ ಪಟ್ಟಿ ಕೊಟ್ಟು ಎತ್ತರಿಸಿದ್ದೇನೆ.

ಬಣ್ಣಕ್ಕೆ ಪಿಯು (ಪಾಲಿಯುರಿಥೇನ್) ಮೇಲು, ನಿಜ. ಆದರೆ ಅದರ ಹಾರ್ಡನರಿನಲ್ಲಿ ಉಸಿರಾಟಕ್ಕೆ ಹಾನಿಮಾಡುವ ಐಸೊಸಯನೇಟ್ ಇದೆ, ಸ್ಪ್ರೇ ಮಾಡುವಾಗ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯಂಗಳದಲ್ಲಿ ಮಕ್ಕಳು ಓಡಾಡುತ್ತಿರುವಾಗ ಅದು ಬೇಡ. ಸಿಂಥೆಟಿಕ್ ಎನಾಮೆಲ್ ತೆಳ್ಳಗೆ ಮಾಡಿ ಒಳ್ಳೆಯ ಬ್ರಷ್ಷಿನಿಂದ ಪದರ ಪದರವಾಗಿ ಬಳಿಯಿರಿ, ನಡುನಡುವೆ 400, ಆಮೇಲೆ 800 ನಂಬರಿನ ವಾಟರ್ ಪೇಪರ್ ಹಾಕಿ. ದುಡಿಯುವ ಗಾಡಿಗೆ ಆ ಹೊಳಪು ಧಾರಾಳ.

ಓಡಿಸಲು ಶುರು ಮಾಡಿದ ಮೇಲೆ ಮೊದಲ ಕೆಲವು ಸಲ ತೋಟದ ರಸ್ತೆ ಬಿಟ್ಟು ಹೊರಗೆ ಹೋಗಬೇಡಿ. ಮನೆಗೆ ಬಂದ ತಕ್ಷಣ ಪ್ರತಿ ಡ್ರಮ್ಮಿನ ಮೇಲೆ ಅಂಗೈ ಹತ್ತಿರ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಚಕ್ರದ ಬ್ರೇಕು ಉಜ್ಜುತ್ತಿದೆ. ಎಂಜಿನ್ ಬಿಚ್ಚಿ ಜೋಡಿಸಿದ್ದರೆ ಮೊದಲ 500 ಕಿಲೋಮೀಟರಿಗೆ ಎಣ್ಣೆ ಬದಲಿಸಿ. ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 60ರಿಂದ 70 ಫೂಟ್ ಪೌಂಡಿಗೆ ಮತ್ತೊಮ್ಮೆ ನೋಡಿ. ಚಕ್ರದ ನಟ್ಟುಗಳನ್ನೂ ಬಿಗಿಮಾಡಿ, ಬಲಬದಿಯವು ಬಲಕ್ಕೆ, 'ಎಲ್' ಇರುವ ಎಡಬದಿಯವು ಎಡಕ್ಕೆ.